ತಿದ್ದಿದ್ದನ್ನು ಹೇಳದೆ ಮಾರುವ ಬ್ಲೈಟನ್

ಹೋದ ತಿಂಗಳು ಅಕ್ಕನ ಮಗಳಿಗೆ ಫೋನಿನಲ್ಲಿ ‘ದಿ ಮ್ಯಾಜಿಕ್ ಫಾರವೇ ಟ್ರೀ’ ಓದಿ ಹೇಳುತ್ತಿದ್ದೆ. ಅವಳ ಕೈಯಲ್ಲೊಂದು ಪ್ರತಿ, ನನ್ನ ಕೈಯಲ್ಲೊಂದು. ಶುರುವಾದ ಸ್ವಲ್ಪ ಹೊತ್ತಿಗೇ ತಡೆದಳು. ‘ಮಾಮ, ರಿಕ್ ಅಂತಿದೆ, ನೀನು ಡಿಕ್ ಅಂತ ಓದ್ತಿದ್ದೀಯ.’ ಆಮೇಲೆ ಫ್ಯಾನಿ ಅಲ್ಲವಂತೆ, ಫ್ರ್ಯಾನಿಯಂತೆ. ಬೆಸ್ಸಿ ಅಲ್ಲ, ಬೆತ್. ಹತ್ತು ವರ್ಷದ ಹುಡುಗಿಗೆ ನನ್ನ ಇಂಗ್ಲಿಷಿನ ಮೇಲೆ ಕನಿಕರ ಹುಟ್ಟಿತು.

ನಾನು ತಪ್ಪು ಓದಿರಲಿಲ್ಲ. ನನ್ನದು ಡಿಪ್ಲೊಮಾ ಓದುವಾಗ ಇಂಗ್ಲಿಷ್ ಕಲಿಯಲೆಂದು ಫುಟ್‌ಪಾತ್‌ನಲ್ಲಿ ಕೊಂಡ ಹಳೇ ಪುಸ್ತಕ, ಅವಳದು ಹೊಸದು. 1943ರಲ್ಲಿ ಎನಿಡ್ ಬ್ಲೈಟನ್ ಇಟ್ಟ ಹೆಸರುಗಳು ಡಿಕ್, ಫ್ಯಾನಿ, ಬೆಸ್ಸಿ. ಮೊದಲೆರಡಕ್ಕೆ ಇಂಗ್ಲೆಂಡಿನ ಬೀದಿಮಾತಿನಲ್ಲಿ ಪೋಲಿ ಅರ್ಥ ಇರುವುದರಿಂದ ಬದಲಾಯಿಸಿದ್ದಾರೆ. ಅದೇ ಮಾಲೆಯಲ್ಲಿ ಮಕ್ಕಳಿಗೆ ಕಪಾಳಕ್ಕೆ ಬಿಡುವ ಟೀಚರಮ್ಮ ಡೇಮ್ ಸ್ಲ್ಯಾಪ್ ಈಗ ಡೇಮ್ ಸ್ನ್ಯಾಪ್ ಆಗಿದ್ದಾಳೆ; ಹೊಡೆಯುವುದಿಲ್ಲ, ಬೈಯುತ್ತಾಳೆ. ಮಗಳ ಪ್ರತಿಯ ಮೊದಲ ಪುಟಗಳ ಫೋಟೊ ತರಿಸಿಕೊಂಡು ನೋಡಿದೆ. ಇಂಥದ್ದನ್ನು ಬದಲಾಯಿಸಿದ್ದೇವೆ ಎಂದು ಓದುವ ಮಗುವಿಗೆ ತಿಳಿಸುವ ಒಂದು ಸಾಲೂ ಇಲ್ಲ. ಮುಖಪುಟದಲ್ಲಿ ಮಾತ್ರ ಬ್ಲೈಟನ್ ಹೆಸರು ದಪ್ಪಗೆ ಇದೆ.

ನನ್ನ ತಕರಾರು ಇಲ್ಲಿಂದ ಶುರು. ಬ್ಲೈಟನ್ ಭಕ್ತರ ಪರವಾಗಿ ಇದನ್ನು ಬರೆಯುತ್ತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

1922ರಲ್ಲಿ ಒಂದು ಸಣ್ಣ ಕವನ ಸಂಕಲನದಿಂದ ಹೊರಟ ಈಕೆ 1968ರಲ್ಲಿ ತೀರಿಕೊಳ್ಳುವ ಹೊತ್ತಿಗೆ 700ಕ್ಕೂ ಹೆಚ್ಚು ಪುಸ್ತಕ ಬರೆದಿದ್ದರು. ಫೇಮಸ್ ಫೈವ್ 21, ಸೀಕ್ರೆಟ್ ಸೆವೆನ್ 15, ನಾಡಿ 24, ಇನ್ನು ಮ್ಯಾಲರಿ ಟವರ್ಸ್, ಸೇಂಟ್ ಕ್ಲೇರ್ಸ್ ಬೇರೆ. ತೊಡೆಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ದಿನಕ್ಕೆ ಸಾವಿರಾರು ಪದ ಹೊಡೆಯುತ್ತಿದ್ದರು. ಕಣ್ಣು ಮುಚ್ಚಿ ಕೂತರೆ ಕಥೆ ಸಿನಿಮಾದಂತೆ ಓಡುತ್ತದೆ, ನೋಡಿದ್ದನ್ನು ಬರೆಯುತ್ತೇನೆ ಎಂದು ಒಬ್ಬ ಮನಶ್ಶಾಸ್ತ್ರಜ್ಞರಿಗೆ ಬರೆದ ಪತ್ರಗಳಲ್ಲಿ ವಿವರಿಸಿದ್ದಾರೆ. ಇಷ್ಟನ್ನೆಲ್ಲ ಒಬ್ಬಳೇ ಬರೆಯಲು ಸಾಧ್ಯವೇ ಇಲ್ಲ, ಹಿಂದೆ ಬೇರೆಯವರಿದ್ದಾರೆ ಎಂಬ ಗುಲ್ಲೂ ಎದ್ದಿತ್ತು. ಅದನ್ನು ಹಬ್ಬಿಸಿದ ದಕ್ಷಿಣ ಆಫ್ರಿಕಾದ ಗ್ರಂಥಪಾಲಕಿಯೊಬ್ಬರ ಮೇಲೆ ಬ್ಲೈಟನ್ ಕಾನೂನು ಕ್ರಮಕ್ಕೆ ಮುಂದಾಗಿ ಬಹಿರಂಗ ಕ್ಷಮೆ ಕೇಳಿಸಿದರು. ತನ್ನ ಹೆಸರಿನಡಿ ಇನ್ನೊಬ್ಬರು ಬರೆದಿದ್ದಾರೆ ಎಂಬ ಮಾತನ್ನೇ ತಡೆದುಕೊಳ್ಳದವರು ಅವರು. ಅವರ ಪುಸ್ತಕಗಳಿಗೇ ಈಗ ಈ ಗತಿ.

ಬ್ಲೈಟನ್ ಮೇಲಿನ ದೂರುಗಳಲ್ಲಿ ಎರಡು ಜಾತಿ. ಅವನ್ನು ಕಲೆಸಿಬಿಟ್ಟಿರುವುದೇ ಎಡವಟ್ಟು.

ಒಂದು, ದೊಡ್ಡವರ ಮೂಗು ಮುರಿಯುವಿಕೆ. ಬಿಬಿಸಿ ದಶಕಗಳ ಕಾಲ ಈಕೆಯನ್ನು ರೇಡಿಯೊದಿಂದ ದೂರ ಇಟ್ಟಿತು. ಸಾಹಿತ್ಯ ಗುಣವಿಲ್ಲ, ಸಾಧಾರಣ ಸರಕು ಎಂಬುದು ಕಾರಣ. ಆ ಒಳಪತ್ರಗಳು 2009ರಲ್ಲಿ ಹೊರಬಂದವು. ಪದಗಳು ಕಡಿಮೆ, ಕಥೆ ಒಂದೇ ಥರ, ಮಕ್ಕಳು ಸದಾ ತಿನ್ನುತ್ತಲೇ ಇರುತ್ತಾರೆ ಎಂದು ದೂರುವವರು ಈಗಲೂ ಇದ್ದಾರೆ. ತಿನ್ನುವುದರ ಬಗ್ಗೆ ನಗುವವರು ತಾರೀಖು ನೋಡಬೇಕು. ಫೇಮಸ್ ಫೈವ್‌ನ ಮೊದಲ ಪುಸ್ತಕ ಬಂದದ್ದು 1942ರಲ್ಲಿ. ಅದೇ ವರ್ಷದ ಜುಲೈನಲ್ಲಿ ಬ್ರಿಟನ್ನಿನಲ್ಲಿ ಮಿಠಾಯಿಗೂ ರೇಷನ್ ಬಂತು. ಅದು ಪೂರ್ತಿ ಹೋದದ್ದು 1953ರಲ್ಲಿ, ಉಳಿದ ಆಹಾರದ ರೇಷನ್ ಮುಗಿದದ್ದು 1954ರಲ್ಲಿ. ಹ್ಯಾಮ್, ಮೊಟ್ಟೆ, ಕೇಕು, ಐಸ್‌ಕ್ರೀಮುಗಳ ಆ ಪುಟಗಳನ್ನು ಮೊದಲು ಓದಿದ್ದು ಕೂಪನ್ ಹಿಡಿದು ಸಾಲಿನಲ್ಲಿ ನಿಂತ ಮಕ್ಕಳು. ನ್ಯಾಯಬೆಲೆ ಅಂಗಡಿ ಮುಂದೆ ಚೀಲ ಹಿಡಿದು ನಿಂತು ಬೆಳೆದ ನಮ್ಮಂಥವರಿಗೆ ಆ ಊಟ ಯಾಕೆ ಅಷ್ಟು ರುಚಿಸಿತು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಇನ್ನು ಪದಗಳು ಕಡಿಮೆ ಎಂಬ ದೂರು. ಕನ್ನಡ ಮೀಡಿಯಂನಲ್ಲಿ ಓದಿ, ಇಪ್ಪತ್ತು ದಾಟಿದ ಮೇಲೆ ಒಂದು ಇಂಗ್ಲಿಷ್ ಪುಸ್ತಕವನ್ನು ಡಿಕ್ಷನರಿ ಇಲ್ಲದೆ ಕೊನೆಯವರೆಗೆ ಓದಿ ಮುಗಿಸಿದವನ ಮುಂದೆ ಆ ದೂರು ಹೇಳಬೇಡಿ.

ಎರಡನೆಯ ದೂರು ನಿಜವಾದದ್ದು. ಬ್ಲೈಟನ್ ಲೋಕದಲ್ಲಿ ಕಳ್ಳ ಯಾರೆಂದು ಮುಖ ನೋಡಿಯೇ ಹೇಳಬಹುದು. ಗಡ್ಡ ಕೆರೆದಿಲ್ಲವೇ, ಮಾತಿನ ಧಾಟಿ ಬೇರೆಯೇ, ಬಣ್ಣ ಕಪ್ಪಗಿದೆಯೇ, ಜಿಪ್ಸಿಯೇ, ಸರ್ಕಸ್ಸಿನವನೇ? ಹಾಗಿದ್ದರೆ ಅನುಮಾನ ಅಲ್ಲಿಂದಲೇ ಶುರು. ಕೆಲವೊಮ್ಮೆ ಅವರು ಒಳ್ಳೆಯವರಾಗುತ್ತಾರೆ, ಆದರೆ ಒಳ್ಳೆಯವರೆಂದು ಮೊದಲು ತೋರಿಸಿಕೊಡಬೇಕು. ಬೋರ್ಡಿಂಗ್ ಸ್ಕೂಲಿನ ಮಕ್ಕಳಿಗೆ ಆ ಪರೀಕ್ಷೆ ಇಲ್ಲ. 1951ರ ನಾಡಿ ಪುಸ್ತಕವೊಂದರಲ್ಲಿ ಗಾಲಿವಾಗ್‌ಗಳು, ಅಂದರೆ ಕರಿಯರನ್ನು ಅಣಕಿಸಿ ಮಾಡಿದ ಗೊಂಬೆಗಳು, ಕತ್ತಲ ಕಾಡಿನಲ್ಲಿ ನಾಡಿಯ ಕಾರು, ಬಟ್ಟೆ ಎಲ್ಲ ಕಿತ್ತುಕೊಂಡು ಹೋಗುತ್ತವೆ. ‘ದಿ ಲಿಟ್ಲ್ ಬ್ಲ್ಯಾಕ್ ಡಾಲ್’ ಇನ್ನೂ ಕೆಟ್ಟದ್ದು. ಕಪ್ಪು ಮುಖದ ಗೊಂಬೆಯನ್ನು ಅದರ ಒಡತಿಯೂ ಉಳಿದ ಗೊಂಬೆಗಳೂ ದೂರ ಇಡುತ್ತವೆ. ಮಾಯದ ಮಳೆಯೊಂದು ಮುಖ ತೊಳೆದು ಬೆಳ್ಳಗೆ ಮಾಡಿದ ಮೇಲೆಯೇ ಅದನ್ನು ಒಳಗೆ ಸೇರಿಸಿಕೊಳ್ಳುವುದು. ಕಪ್ಪು ಮಗುವೊಂದು ಇದನ್ನು ಓದಿ ಕನ್ನಡಿ ಮುಂದೆ ನಿಂತರೆ ಏನಾದೀತು? ಈ ಪ್ರಶ್ನೆಗೆ ಉತ್ತರ ಕೊಡದೆ ಬ್ಲೈಟನ್‌ರನ್ನು ಮೆಚ್ಚುವವರ ಜೊತೆ ನನಗೆ ಮಾತಿಲ್ಲ.

‘ಆ ಕಾಲ ಹಾಗಿತ್ತು’ ಎನ್ನುತ್ತಾರೆ. ಆ ಕಾಲದವರೇ ಒಪ್ಪಿರಲಿಲ್ಲ. 1960ರಲ್ಲಿ ಮ್ಯಾಕ್‌ಮಿಲನ್ ಈಕೆಯ ‘ದಿ ಮಿಸ್ಟರಿ ದಟ್ ನೆವರ್ ವಾಸ್’ ಹಸ್ತಪ್ರತಿಯನ್ನು ವಾಪಸ್ ಮಾಡಿತು. ಪರಿಶೀಲಿಸಿದವರ ಟಿಪ್ಪಣಿಯ ತಾತ್ಪರ್ಯ ಇಷ್ಟು: ಕಳ್ಳರು ವಿದೇಶಿಯರು ಎಂದುಬಿಟ್ಟರೆ ಸಾಕು, ಅವರು ಯಾಕೆ ಕಳ್ಳರು ಎಂದು ಬೇರೆ ಹೇಳಬೇಕಿಲ್ಲ ಎಂದು ಲೇಖಕಿ ಭಾವಿಸಿದಂತಿದೆ. ಮರುವರ್ಷ ಕಾಲಿನ್ಸ್ ಅದನ್ನೇ ಅಚ್ಚು ಹಾಕಿತು. 1966ರಲ್ಲಿ ಗಾರ್ಡಿಯನ್ ಪತ್ರಿಕೆಯಲ್ಲಿ ಲೀನಾ ಜೇಗರ್ ಆ ಕಪ್ಪು ಗೊಂಬೆಯ ಕಥೆಯನ್ನು ನೇರವಾಗಿ ತರಾಟೆಗೆ ತೆಗೆದುಕೊಂಡರು. ಬ್ಲೈಟನ್ ಆಗಿನ್ನೂ ಬದುಕಿದ್ದರು.

ಮುಖ ನೋಡಿ ಕಳ್ಳನನ್ನು ಹಿಡಿಯುವ ಕೆಲಸ ನಾವೂ ಮಾಡುತ್ತೇವೆ. ಠಾಣೆಯಿಂದ ಬರುವ ಪ್ರಕಟಣೆಯಲ್ಲಿ ‘ಸಂಶಯಾಸ್ಪದವಾಗಿ ತಿರುಗಾಡುತ್ತಿದ್ದ’ ಎಂದಿರುತ್ತದೆ. ಏನು ಸಂಶಯ, ಯಾರಿಗೆ ಸಂಶಯ ಎಂದು ಕೇಳದೆ ಹಾಗೇ ಟೈಪ್ ಮಾಡಿ ಕಳಿಸುತ್ತೇವೆ. ನಾನೂ ಕಳಿಸಿದ್ದೇನೆ.

ಈ ಎರಡು ದೂರುಗಳನ್ನು ಒಟ್ಟಿಗೆ ಅರೆದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ರಾಯಲ್ ಮಿಂಟ್ ಸಾಕ್ಷಿ. ಬ್ಲೈಟನ್ ನೆನಪಿನ ನಾಣ್ಯ ಬೇಡವೆಂದು 2016ರಲ್ಲಿ ಅದರ ಸಮಿತಿ ತೀರ್ಮಾನಿಸಿದ್ದು 2019ರಲ್ಲಿ ಬಯಲಾಯಿತು. ಜನಾಂಗ ದ್ವೇಷಿ, ಹೆಣ್ಣನ್ನು ಕೀಳಾಗಿ ಕಂಡವಳು ಎಂಬ ಆರೋಪಗಳ ಸಾಲಿನಲ್ಲೇ, ಅಂಥ ದೊಡ್ಡ ಲೇಖಕಿಯೂ ಅಲ್ಲ ಎಂಬುದನ್ನೂ ಸೇರಿಸಿದ್ದರು. ಮೊದಲಿನವು ವಿಚಾರಣೆ ಆಗಬೇಕಾದ ಆರೋಪಗಳು. ಕೊನೆಯದು ಬರೀ ಅಂತಸ್ತಿನ ಮಾತು.

ಈಗ ಪ್ರಕಾಶಕರ ರಬ್ಬರಿಗೆ ಬರೋಣ. 2010ರಲ್ಲಿ ಹಾಡರ್ ಸಂಸ್ಥೆ ಫೇಮಸ್ ಫೈವ್ ಭಾಷೆಯನ್ನು ಹೊಸದು ಮಾಡುತ್ತೇವೆಂದು ಹೊರಟಿತು. ‘ಮದರ್ ಅಂಡ್ ಫಾದರ್’ ಇದ್ದದ್ದು ‘ಮಮ್ ಅಂಡ್ ಡ್ಯಾಡ್’ ಆಯಿತು, ಶಾಲೆಯ ‘ಟ್ಯೂನಿಕ್’ ‘ಯೂನಿಫಾರ್ಮ್’ ಆಯಿತು. ಓದುಗರಿಗೆ ಹಿಡಿಸಲಿಲ್ಲ. 2016ರಲ್ಲಿ ಅವರೇ ಸೋತೆವೆಂದು ಒಪ್ಪಿ ಹಳೆಯ ಪಠ್ಯಕ್ಕೆ ಮರಳಿದರು. ಹಾಡರ್ ಹೇಳಿ ಮಾಡಿತು, ಹೇಳಿ ಬಿಟ್ಟಿತು, ಅಷ್ಟರಮಟ್ಟಿಗೆ ಪರವಾಗಿಲ್ಲ. ಆದರೆ ಆ ಕೆಲಸದಲ್ಲಿ ಏನು ಬದಲಾಯಿತು ನೋಡಿ. ಅಪ್ಪ ಅಮ್ಮನನ್ನು ಕರೆಯುವ ಮಾತು ಬದಲಾಯಿತು. ಗುಹೆ ಗುಡಿಸಿ, ಪಾತ್ರೆ ತೊಳೆದು, ಹುಡುಗರಿಗೆ ಬಡಿಸುವ ಆ್ಯನ್ ಹಾಗೇ ಗುಡಿಸುತ್ತಿದ್ದಾಳೆ. ನಾಡಿ ಪುಸ್ತಕದಲ್ಲಿ ಗಾಲಿವಾಗ್ ಜಾಗಕ್ಕೆ ಗಾಬ್ಲಿನ್ ಬಂತು. ಗಾಯವಾಗಿದ್ದ ಮಕ್ಕಳಿಗೆ ಅದರಿಂದ ನೆಮ್ಮದಿ ಸಿಕ್ಕಿದ್ದರೆ ಒಳ್ಳೆಯದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಪುಸ್ತಕವನ್ನು ವರ್ಷಾನುಗಟ್ಟಲೆ ಹಾಗೇ ಮಾರಿ ದುಡ್ಡು ಮಾಡಿದ ಲೆಕ್ಕ? ಪದ ಅಳಿಸಿದ ಕೂಡಲೇ ಆ ಲೆಕ್ಕವೂ ಅಳಿಸಿಹೋಯಿತು. ತಪ್ಪೊಪ್ಪಿಗೆ ಇಲ್ಲ, ವ್ಯಾಪಾರ ನಿಂತಿಲ್ಲ.

ನಮ್ಮ ಕಸುಬಿನಲ್ಲಿ ಇದರ ರುಚಿ ಎಲ್ಲರಿಗೂ ಗೊತ್ತು. ಒಮ್ಮೆ ನಾನು ಕಳಿಸಿದ ಸುದ್ದಿಯಲ್ಲಿ ಡೆಸ್ಕಿನವರು ಒಂದು ವಾಕ್ಯ ಸೇರಿಸಿದ್ದರು. ಬೈಲೈನ್ ನನ್ನದೇ. ಊರಿನ ಜನ ಬಂದು ಕೇಳಿದ್ದು ನನ್ನನ್ನು. ನಾನು ಬರೆದದ್ದಲ್ಲ ಎಂದರೆ ಯಾರು ನಂಬುತ್ತಾರೆ? ಬ್ಲೈಟನ್ ಬರೆದ ಕೆಟ್ಟದ್ದಕ್ಕೆ ಬ್ಲೈಟನ್ ಹೊಣೆ, ಬರೆಯದ ಒಳ್ಳೆಯದಕ್ಕೆ ಅಲ್ಲ. ತಿದ್ದಿದವರ ಹೆಸರು, ವರ್ಷ, ತಿದ್ದಿದ ಜಾಗಗಳು ಪುಸ್ತಕದಲ್ಲೇ ಇರಲಿ. ಅರ್ಧ ಪುಟ ಸಾಕು. ಇದನ್ನು ಕೇಳಿದರೆ ಮಕ್ಕಳಿಗೆ ಅರ್ಥವಾಗುವುದಿಲ್ಲ ಎನ್ನುತ್ತಾರೆ. ಡಿಕ್ಕು ರಿಕ್ಕಾದದ್ದನ್ನು ಕ್ಷಣದಲ್ಲಿ ಹಿಡಿದದ್ದು ನಾನಲ್ಲ, ಹತ್ತು ವರ್ಷದ ಹುಡುಗಿ.

ಇದು ಇಂಗ್ಲೆಂಡಿನ ಜಗಳ, ನಮಗೇಕೆ ಎನ್ನಬೇಡಿ. ನಮ್ಮ ಕಾಯ್ದೆಯಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ 60 ವರ್ಷಕ್ಕೆ ಮುಗಿಯುತ್ತದೆ, ಬ್ರಿಟನ್ನಿನಲ್ಲಿ 70 ವರ್ಷಕ್ಕೆ. ಬ್ಲೈಟನ್ ಬದುಕಿದ್ದಾಗ ಅಚ್ಚಾದ ಪುಸ್ತಕಗಳು ಅಲ್ಲಿಗಿಂತ ಹತ್ತು ವರ್ಷ ಮೊದಲೇ, 2029ರ ಜನವರಿ 1ರಂದು, ಇಲ್ಲಿ ಯಾರು ಬೇಕಾದರೂ ಅನುವಾದಿಸಬಹುದಾದವು ಆಗುತ್ತವೆ. ಕನ್ನಡಕ್ಕೆ ತರುವವರು ಬಂದೇ ಬರುತ್ತಾರೆ. ಅವರಿಗೆ ಈಗಲೇ ಒಂದು ಮಾತು. ಮುಕ್ತವಾಗುವುದು ಹಳೆಯ ಪಠ್ಯ, ಅದನ್ನೇ ಹಿಡಿದು ಕೆಲಸ ಮಾಡಿ. 700ನ್ನೂ ತರುವ ಹುಚ್ಚು ಬೇಡ. ಕಪ್ಪು ಗೊಂಬೆಯ ಕಥೆ ಏಳು ವರ್ಷದ ಮಗುವಿನ ಕೈಗೆ ಕೊಡುವಂಥದ್ದಲ್ಲ, ಬಿಡಿ. ಫೇಮಸ್ ಫೈವ್ ತನ್ನಿ, ಹುಡುಗಿ ಎಂದರೆ ಸಿಡಿದೇಳುವ ಜಾರ್ಜ್ ನಮ್ಮ ಹುಡುಗಿಯರಿಗೆ ಬೇಕು. ಜಿಪ್ಸಿಯ ಮೇಲೆ ಅನುಮಾನ ಬರುವ ಜಾಗದಲ್ಲಿ ಅದನ್ನು ಮರೆಮಾಚದೆ, ಯಾಕೆ ಹೀಗಿದೆ ಎಂದು ಕೆಳಗೆ ಎರಡು ಸಾಲು ಬರೆಯಿರಿ.

ನನ್ನ ಹಳೇ ಪ್ರತಿಯನ್ನು ಅಕ್ಕನ ಮನೆಗೆ ಕಳಿಸಿಕೊಟ್ಟೆ. ಡೇಮ್ ಸ್ಲ್ಯಾಪ್ ಯಾಕೆ ಮಕ್ಕಳಿಗೆ ಹೊಡೀತಾಳೆ ಎಂದು ಹುಡುಗಿ ಫೋನ್ ಮಾಡಿ ಕೇಳಿದಳು. ಆಗೆಲ್ಲ ಸ್ಕೂಲಲ್ಲಿ ಹೊಡೆಯುತ್ತಿದ್ದರು ಎಂದೆ.

‘ನಿಂಗೂ ಹೊಡೆದಿದ್ರಾ ಮಾಮ?’

ಹೊಡೆದಿದ್ದರು ಎಂದೆ. ಯಾಕೆ, ಯಾರು, ಯಾವುದರಿಂದ ಎಂದು ಅರ್ಧ ಗಂಟೆ ವಿಚಾರಣೆ ನಡೆಯಿತು.