ಕೆಮ್ಮಿ ಯಜಮಾನ್ರೇ, ಹೊಲಿಗೆ ಬಿಚ್ಚಲ್ಲ

ಬೈಪಾಸ್ ಆದವರ ಮನೆಯವರು ಫಿಸಿಯೋಥೆರಪಿಸ್ಟ್ ಆದ ನನ್ನನ್ನು ಮೊದಲು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಕೆಮ್ಮಿದರೆ ಹೊಲಿಗೆ ಬಿಚ್ಚಿಹೋಗಲ್ವಾ?" ಪುಣೆಯಲ್ಲಿ ಈ ಪ್ರಶ್ನೆಯನ್ನು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಕೇಳಿದ್ದೇನೆ.

ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೆ ಕೊಯ್ದು, ಆಪರೇಷನ್ ಮುಗಿದ ಮೇಲೆ ಸಾಮಾನ್ಯವಾಗಿ ಉಕ್ಕಿನ ತಂತಿಯಿಂದ ಬಿಗಿದಿರುತ್ತಾರೆ. ಎದೆಗೆ ಆಸರೆ ಕೊಟ್ಟು ಕೆಮ್ಮಿದರೆ ಅದು ತಡೆದುಕೊಳ್ಳುತ್ತದೆ. ಹೆದರಬೇಕಾದದ್ದು ಕೆಮ್ಮದೆ ಇರುವುದಕ್ಕೆ. ಅರಿವಳಿಕೆಯಿಂದ, ಗಂಟಲೊಳಗಿದ್ದ ಕೊಳವೆಯಿಂದ, ಕಫವನ್ನು ಮೇಲಕ್ಕೆ ತಳ್ಳುವ ಶ್ವಾಸನಾಳದ ಸಣ್ಣ ರೋಮಗಳು ಮಂಕಾಗಿರುತ್ತವೆ. ನೋವಿಗೆ ಹೆದರಿ ರೋಗಿ ಮೇಲುಮೇಲೆ ಉಸಿರಾಡುತ್ತಾರೆ. ಕಫ ಕಟ್ಟಿದ ಕಡೆ ಶ್ವಾಸಕೋಶ ಗಾಳಿಯಿಲ್ಲದೆ ಕುಗ್ಗುತ್ತದೆ. ಬಿಟ್ಟರೆ ನ್ಯುಮೋನಿಯಾ.

ಹಾಸನ ಕಡೆಯ ಹಿರಿಯರೊಬ್ಬರು ಮಗನ ಮನೆಗೆ ಬಂದು ಇಲ್ಲೇ ಬೈಪಾಸ್ ಮಾಡಿಸಿಕೊಂಡರು. ಸಿಸ್ಟರ್ ಮೂರು ಚೆಂಡಿನ ಸ್ಪೈರೋಮೀಟರ್ ಕೈಗಿತ್ತು "ಶ್ವಾಸ ಆತ ಘ್ಯಾ" ಎಂದು ಹೋಗಿದ್ದರು. ಮರಾಠಿ ಬಾರದ ಇವರು ಎರಡು ದಿನ ಪೀಪಿ ಊದಿದ ಹಾಗೆ ಊದಿದ್ದಾರೆ! ಚೆಂಡು ಅಲ್ಲಾಡಿಲ್ಲ. "ಎಳನೀರು ಸ್ಟ್ರಾದಲ್ಲಿ ಹೀರ್ತೀರಲ್ಲ ಯಜಮಾನ್ರೇ, ಹಾಗೆ ನಿಧಾನಕ್ಕೆ ಒಳಗೆ ಎಳ್ಕೊಳ್ಳಿ" ಎಂದೆ. ಮೊದಲ ಚೆಂಡು ಎದ್ದಿತು. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಸೊಸೆಯ ಮುಂದೆ ಉಗುಳುವುದು ಹೇಗೆಂದು ಬಾಯಿಗೆ ಬಂದ ಕಫವನ್ನೂ ನುಂಗುತ್ತಿದ್ದರು. ಸೊಸೆಯನ್ನು ಚಹಾ ತರಲು ಕಳಿಸಿದೆ. ಕಪ್ಪಿಗೆ ಸಾಕಷ್ಟು ಬಂತು.

ನಾನು ಕಲಿಸುವುದು ಹೀಗೆ. ನೋವಿನ ಮಾತ್ರೆ ಕೆಲಸ ಶುರು ಮಾಡಿದ ಮೇಲೆ ನೆಟ್ಟಗೆ ಕೂರಿಸಿ. ಮಲಗಿ ಕೆಮ್ಮಿದರೆ ಬಲ ಸಾಲದು. ದಿಂಬನ್ನು ಎದೆಗೆ ಎರಡು ಕೈಯಿಂದ ಅಪ್ಪಿಕೊಳ್ಳಲಿ. ಸ್ವಲ್ಪ ಹೊತ್ತು ಸುಮ್ಮನೆ ಉಸಿರಾಡಿ, ಮೂರು ನಾಲ್ಕು ಸಲ ಆಳವಾಗಿ ಎಳೆದು, ಎರಡು ಮೂರು ಸೆಕೆಂಡು ಹಿಡಿದು ಬಿಡಲಿ. ಆಮೇಲೆ ಕನ್ನಡಕ ಒರೆಸಲು ಬಾಯಿಂದ ಹಬೆ ಬಿಡುತ್ತೇವಲ್ಲ, ಹಾಗೆ ಬಾಯಿ ತೆರೆದು "ಹಾ" ಎಂದು ರಭಸದಿಂದ ಗಾಳಿ ತಳ್ಳಲಿ. ಇದರಲ್ಲಿ ಕೆಮ್ಮಿನಷ್ಟು ನೋವಿಲ್ಲ, ಕಫ ಮೇಲೇರುತ್ತದೆ. ಗಂಟಲ ಹತ್ತಿರ ಬಂದಾಗ ಒಂದೆರಡು ಸಲ ಕೆಮ್ಮಿದರೆ ಸಾಕು. ಸುಸ್ತಾಗುವವರೆಗೆ ಕೆಮ್ಮಿಸಬೇಡಿ. ಎಚ್ಚರ ಇರುವ ಹೊತ್ತಿನಲ್ಲಿ ಗಂಟೆಗೊಮ್ಮೆ ಸ್ಪೈರೋಮೀಟರ್, ಡಾಕ್ಟರು ಒಪ್ಪಿದ ಕೂಡಲೇ ನಡಿಗೆ. ನನ್ನ ಮಟ್ಟಿಗೆ ವಾರ್ಡಿನಲ್ಲಿ ನಾಲ್ಕು ಸುತ್ತು ನಡೆದವರ ಕಫ ಬೇಗ ಸಡಿಲವಾಗುತ್ತದೆ.

ಬೆನ್ನು ತಟ್ಟುವ ಉತ್ಸಾಹ ಮನೆಯವರಿಗೆ ಬಹಳ. ಕೊಯ್ದ ಎದೆಗೆ ಅದು ನೋವು ಕೊಟ್ಟೀತು, ಎಲ್ಲರಿಗೂ ಬೇಕಾಗಿಯೂ ಇಲ್ಲ. ಹೇಳಿದರೆ ಮಾತ್ರ ಮಾಡಿ. "ನೀರು ಕುಡಿದರೆ ಕಫ ಕರಗುತ್ತೆ" ಎಂದು ಚೊಂಬುಗಟ್ಟಲೆ ಕುಡಿಸುವುದೂ ಬೇಡ. ಹೃದಯದ ರೋಗಿಗೆ ದಿನಕ್ಕೆ ಎಷ್ಟು ನೀರು ಎಂದು ಡಾಕ್ಟರನ್ನೇ ಕೇಳಿ.

ಮನೆಗೆ ಬಂದ ಮೇಲೆ ಜ್ವರ, ಹಳದಿ ಅಥವಾ ಹಸಿರು ಕಫ, ಗಾಯದಿಂದ ಕೀವು, ಕೆಮ್ಮುವಾಗ ಎದೆಮೂಳೆಯಲ್ಲಿ ಕಟಕ್ ಎಂಬ ಸದ್ದು, ಇವು ಕಂಡರೆ ಅದೇ ದಿನ ಫೋನ್ ಮಾಡಿ. ಏದುಸಿರು ಬಂದರೆ, ಕಫದಲ್ಲಿ ರಕ್ತ ಕಂಡರೆ ಫೋನ್ ಮಾಡುತ್ತ ಕೂರದೆ ಆಸ್ಪತ್ರೆಗೆ ಹೊರಡಿ.