ಬೀಡಿಂಗಿನಡಿಯಲ್ಲಿ ಉಳಿದ ಬಣ್ಣ

ಬಾಗೇಪಲ್ಲಿಯನ್ನು ದಾಟಿ, ಗಡಿಯನ್ನು ಕಳೆದು, ಪೆನುಕೊಂಡೆಯ ಕಡೆಗೆ ಪಯಣಿಸುವವರಿಗೆ ಸೋಮಂದೇಪಲ್ಲಿ ಅಪರಿಚಿತ ಊರಲ್ಲ. ಸಮೀಪದ ಎರ್ರಮಂಚಿಯ ಕಿಯಾ ಕಾರ್ಖಾನೆಯು 2019ರಿಂದ ಕಾರುಗಳನ್ನು ಹೊರತರುತ್ತಿದೆ. ಕನ್ನಡಿಯಂತೆ ಹೊಳೆಯುವ ಹೊಸ ಕಾರುಗಳನ್ನು ಹೊತ್ತ ಉದ್ದನೆಯ ಲಾರಿಗಳನ್ನು ದಿನವೂ ಕಾಣುವ ಈ ಊರಿನಲ್ಲಿ, ಹಳೆಯ ಅಂಬಾಸಿಡರೊಂದಕ್ಕೆ ಯಾವ ಬಣ್ಣ ಬಳಿಸಬೇಕೆಂಬ ಚರ್ಚೆ ಮನೆಯೊಂದರ ನೆಮ್ಮದಿಯನ್ನೇ ಕದಡಿತ್ತು. ಆ ಮನೆಯವರು ನಮ್ಮ ಪತ್ರಿಕೆಯ ಹಳೆಯ ವಾಚಕರು. ಅವರ ಕರೆಗೆ ಓಗೊಟ್ಟು ನಾವು ಹೋಗಿದ್ದೆವು.

ಕಾರು 1969ರದು, ಮಾರ್ಕ್ ಟೂ. ಮನೆಯ ಯಜಮಾನರು ತೀರಿಕೊಂಡ ಮೇಲೆ ಅದು ಹಿತ್ತಲಿನ ತಗಡಿನ ಚಪ್ಪರದಡಿ ನಿಂತಿತ್ತು. ಹೊರಮೈ ನೀಲಿ, ಅದೂ ಅಲ್ಲಲ್ಲಿ ಹಪ್ಪಳದಂತೆ ಎದ್ದಿತ್ತು. ಹಿರಿಯ ಮಗನಿಗೆ ಲಾರಿಯ ಮೇಲೆ ಕಂಡ ಕಾರುಗಳಂತೆ ಮಿನುಗುವ ಬೆಳ್ಳಿಯ ಬಣ್ಣ ಬೇಕು. ಕಿರಿಯನಿಗೆ ಕಾರ್ಖಾನೆಯಿಂದ ಬಂದಾಗ ಯಾವ ಬಣ್ಣವಿತ್ತೋ ಅದೇ ಬೇಕು. ಆದರೆ ಆ ಬಣ್ಣ ಯಾವುದು? ಆರ್‌ಸಿ ಪುಸ್ತಕವು ನಡುವೆ ಕಳೆದುಹೋಗಿ ನಕಲು ಪಡೆದದ್ದು. ಅದರಲ್ಲಿ ನೀಲಿಯೆಂದೇ ಇದೆ. ತಾಯಿಯವರು ಮಾತ್ರ, “ಮದುವೆಯಾಗಿ ಈ ಮನೆಗೆ ಬಂದದ್ದು ಇದೇ ಕಾರಿನಲ್ಲಿ. ಆಗ ಹಾಲಿನಂಥ ಬಿಳುಪಿತ್ತು” ಎನ್ನುತ್ತಿದ್ದರು. ಮಕ್ಕಳು, “ಅಮ್ಮನಿಗೆ ಈಗ ಎಲ್ಲ ಮರೆವು” ಎಂದು ನಕ್ಕುಬಿಡುತ್ತಿದ್ದರು. ಆ ನಗು ಅವರಿಗೆ ಹಿತವಾಗಿರಲಿಲ್ಲವೆಂಬುದು ಕಾಫಿ ಕೊಡುವಾಗಲೇ ನಮಗೆ ಗೋಚರವಾಯಿತು.

ಇಂಥ ವ್ಯಾಜ್ಯವನ್ನು ನೆನಪಿನ ಮುಂದಿಡುವುದಕ್ಕಿಂತ ಕಾರಿನ ಮುಂದಿಡುವುದೇ ಸರಿ. ಕಾರ್ಖಾನೆಯಲ್ಲಿ ಬಣ್ಣ ಬೀಳುವುದು ಬರಿಯ ಕವಚಕ್ಕೆ. ಗಾಜು, ರಬ್ಬರು, ಆಸನ, ತಂತಿಗಳೆಲ್ಲ ಆಮೇಲೆ ಸೇರುವಂಥವು. ಆದುದರಿಂದ ಮೂಲ ಬಣ್ಣವು ಬಾಗಿಲ ಬೀಡಿಂಗಿನ ಕೆಳಗೂ ಡ್ಯಾಶ್‌ಬೋರ್ಡಿನ ಬೆನ್ನಿಗೂ ಹರಡಿರುತ್ತದೆ. ಊರಿನ ಶೆಡ್ಡಿನಲ್ಲಿ ಮರುಬಣ್ಣ ಬಳಿಯುವವರು ರಬ್ಬರಿಗೆ ಕಾಗದ ಅಂಟಿಸಿ ಕೆಲಸ ಮುಗಿಸುವರು. ಅವರ ಬಣ್ಣ ರಬ್ಬರಿನ ಅಂಚಿಗೆ ನಿಂತುಬಿಡುತ್ತದೆ. ಬೀಡಿಂಗನ್ನು ಮೆಲ್ಲಗೆ ಎಬ್ಬಿಸಿದೆವು. ನೀಲಿ ಅಲ್ಲಿಗೆ ಮುಗಿದು, ಕೆಳಗೆ ಬೇರೆಯದೇ ಒಂದು ಬಣ್ಣ ಕಾಣಿಸಿತು.

ಬಳಿಕ ಡಿಕ್ಕಿಯ ಒಳಮೂಲೆಯಲ್ಲಿ ನಾಲ್ಕಾಣೆಯಷ್ಟು ಜಾಗವನ್ನು ವಾಟರ್ ಪೇಪರಿನಿಂದ, ನೀರು ಹನಿಸುತ್ತ, ಇಳಿಜಾರಾಗಿ ಉಜ್ಜಿದೆವು. ಮರದ ಕಾಂಡದ ಉಂಗುರಗಳಂತೆ ಪದರಗಳು ತೆರೆದುಕೊಂಡವು: ನೀಲಿ, ಅದರಡಿ ತಿಳಿಹಸುರು, ಅದರಡಿ ಕೆನೆಹಳದಿ, ಆಮೇಲೆ ಬೂದು ಬಣ್ಣದ ಅಸ್ತರಿ, ಕಟ್ಟಕಡೆಗೆ ರೆಡ್ ಆಕ್ಸೈಡು, ಕಬ್ಬಿಣ. ಹಸುರು ಯಾವಾಗ ಬಂತೆಂಬುದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಒಣಗಿದ ಬಣ್ಣವನ್ನು ಹಾಗೆಯೇ ಉಜ್ಜಕೂಡದೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಆ ಕಾಲದ ಹಳದಿ, ಕಿತ್ತಳೆ, ಹಸುರು ಬಣ್ಣಗಳಲ್ಲಿ ಸೀಸವಿರುವ ಸಂಭವ ಹೆಚ್ಚು. ಅದರ ಧೂಳು ಮಕ್ಕಳ ಹೊಟ್ಟೆ ಸೇರಕೂಡದು.

ಪದರ ಸಿಕ್ಕಿತು; ಅದು ಕಾರ್ಖಾನೆಯದೇ ಎಂದು ನಂಬುವುದು ಹೇಗೆ? ಇದಕ್ಕೆ ಸ್ವಲ್ಪ ಚರಿತ್ರೆ ಬೇಕಾಗುತ್ತದೆ. ಮೊದಮೊದಲು ಕಾರುಗಳಿಗೆ ಸಾರೋಟಿನಂತೆ ಕುಂಚದಿಂದ ಎಣ್ಣೆಬಣ್ಣ ಬಳಿದು ವಾರಗಟ್ಟಲೆ ಒಣಗಿಸುತ್ತಿದ್ದರು. ಅಮೆರಿಕದ ಡ್ಯುಪಾಂಟ್ ಸಂಸ್ಥೆಯು 1923ರಲ್ಲಿ ತಂದ ನೈಟ್ರೊಸೆಲ್ಯುಲೋಸ್ ಬಣ್ಣವು ಗಂಟೆಗಳಲ್ಲಿ ಒಣಗುವಂಥದು. ಅದರ ಹೆಸರು ಡ್ಯೂಕೊ. ನಮ್ಮ ಪೇಂಟರುಗಳು ಯಾವ ಸ್ಪ್ರೇ ಬಣ್ಣವನ್ನಾದರೂ ‘ಡ್ಯೂಕೊ’ ಎನ್ನುವುದು ಅಲ್ಲಿಂದ ಬಂದದ್ದು. ಇದು ದ್ರಾವಕ ಆರಿದರೆ ಗಟ್ಟಿಯಾಗುತ್ತದೆ, ದ್ರಾವಕ ಸೋಕಿದರೆ ಮತ್ತೆ ಕರಗುತ್ತದೆ. ಅನಂತರ ರೂಢಿಗೆ ಬಂದ ಸಿಂಥೆಟಿಕ್ ಎನಾಮಲ್ಲುಗಳನ್ನು ಕಾರ್ಖಾನೆಗಳು ನೂರು ಡಿಗ್ರಿಗೂ ಮೀರಿದ ಶಾಖದ ಗೂಡಿನಲ್ಲಿ ಬೇಯಿಸುತ್ತಿದ್ದವು. ಬೆಂದ ಬಣ್ಣ ಸುಟ್ಟ ಮಡಕೆಯಂತೆ; ಮತ್ತೆ ಕರಗದು. ಊರಿನ ಶೆಡ್ಡಿನಲ್ಲಿ ಅಂಥ ಗೂಡಿಲ್ಲ, ಇದ್ದರೂ ರಬ್ಬರು ತಂತಿಗಳಿರುವ ಕಾರನ್ನು ಅಷ್ಟು ಕಾಯಿಸುವಂತಿಲ್ಲ. ಬಿಳಿಯ ಬಟ್ಟೆಗೆ ಥಿನ್ನರು ಅದ್ದಿ ಉಂಗುರಗಳ ಮೇಲೆ ಒತ್ತಿದೆವು. ನೀಲಿಯೂ ಹಸುರೂ ಬಟ್ಟೆಗೆ ಹತ್ತಿಕೊಂಡವು. ಕೆನೆಹಳದಿ ಕದಲಲಿಲ್ಲ.

“ನೋಡಮ್ಮಾ, ಕ್ರೀಮು! ಹಾಲೂ ಅಲ್ಲ, ಬಿಳುಪೂ ಅಲ್ಲ” ಎಂದ ಹಿರಿಯ ಮಗ. ತಾಯಿಯವರು ಉತ್ತರ ಕೊಡದೆ ಒಳಗೆ ಹೋದರು.

ಆದರೆ ಪ್ರಕರಣ ಅಲ್ಲಿಗೆ ಮುಗಿಯುವಂತಿರಲಿಲ್ಲ. ಎಣ್ಣೆಯ ಮೂಲವಿರುವ ಇಂಥ ಬಿಳಿಯ ಬಣ್ಣಗಳಿಗೆ ಒಂದು ವಿಚಿತ್ರ ಗುಣವಿದೆ: ಬಿಸಿಲಿನಲ್ಲಿ ಮಾಸುವುದಷ್ಟೇ ಅಲ್ಲ, ಕತ್ತಲೆಯಲ್ಲಿ ಹಳದಿಗೂ ತಿರುಗುತ್ತವೆ. ಬೆಳಕಿಗಿಟ್ಟರೆ ಆ ಹಳದಿ ಸ್ವಲ್ಪಮಟ್ಟಿಗೆ ಹಿಂಜರಿಯುತ್ತದೆ. ಐವತ್ತಕ್ಕೂ ಮಿಕ್ಕ ವರ್ಷ ರಬ್ಬರಿನಡಿಯಲ್ಲಿದ್ದ ಬಣ್ಣ ತನ್ನ ಯೌವನದ ಬಣ್ಣವೇ ಆಗಿರಬೇಕೆಂಬ ನಿಯಮವಿಲ್ಲ. ಡ್ಯಾಶ್‌ಬೋರ್ಡಿನ ಸಾಮಾನು ಗೂಡಿನ ಮುಚ್ಚಳವನ್ನು ಬಿಚ್ಚಿ, ಯಾರೂ ಬಣ್ಣ ಮುಟ್ಟಿಸದ ಅದರ ಒಳಮೈಯನ್ನು ಒರೆಸಿ, ಅರ್ಧಭಾಗಕ್ಕೆ ಕಪ್ಪು ಕಾಗದ ಕಟ್ಟಿ, ಮಹಡಿಯ ಬಿಸಿಲಿನಲ್ಲಿ ಎರಡು ವಾರ ಇಡುವಂತೆ ಕಿರಿಯ ಮಗನಿಗೆ ಹೇಳಿ ಬಂದೆವು.

ನಾವು ಇಷ್ಟು ಜಾಗ್ರತೆ ಕಲಿತದ್ದು ಪುಸ್ತಕದಿಂದಲ್ಲ. ನಮ್ಮಲ್ಲೊಂದು ಹಳೆಯ ಫಿಯೆಟ್ ಇತ್ತು. ಬೆಂಗಳೂರಿನ ಶೆಡ್ಡೊಂದಕ್ಕೆ ಬಿಟ್ಟಿದ್ದೆವು. ಮೂಲ ಬಣ್ಣವನ್ನು ಗುರುತು ಮಾಡಿಕೊಳ್ಳುವ ಮೊದಲೇ ಅವರು ಇಡೀ ಕಾರನ್ನು ಕಬ್ಬಿಣದವರೆಗೆ ಕೆರೆದುಹಾಕಿದ್ದರು. ಮೇಲೆ ಅಭ್ರಕದ ಪುಡಿ ಬೆರೆತ ಬಣ್ಣ, ಅದರ ಮೇಲೆ ಕ್ಲಿಯರ್ ಕೋಟು. ಮಣ್ಣಿನ ಗಣಪನಿಗೆ ವಾರ್ನಿಷ್ ಹೊಡೆದಂತಿತ್ತು! ನೋಡಿದವರೆಲ್ಲ ಚೆನ್ನಾಗಿದೆಯೆಂದರು. ನಮ್ಮ ತಂದೆಯವರು ಒಮ್ಮೆ ಸುತ್ತು ಬಂದು, “ಯಾರ ಕಾರು ಇದು?” ಎಂದರು. ಅವರದು ವಿನೋದವೋ ಅಲ್ಲವೋ ಇಂದಿಗೂ ನಮಗೆ ತಿಳಿಯದು.

ಬಣ್ಣದ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ ಹೊಡೆಯುವ ಕ್ರಮ ನಮ್ಮ ದೇಶದ ಆ ಕಾಲದ ಸಾದಾ ಕಾರುಗಳದ್ದಲ್ಲ. ಅವುಗಳ ಹೊಳಪು ಬಣ್ಣದ್ದೇ ಹೊಳಪು, ತುಸು ಮೃದು. ಹತ್ತಿರದಿಂದ ನೋಡಿದರೆ ಕಿತ್ತಳೆ ಸಿಪ್ಪೆಯ ಸಣ್ಣ ಉಬ್ಬುತಗ್ಗು. ಡಿಕ್ಕಿಯ ಒಳಗಂತೂ ತುಂತುರು ತೆಳುವಾಗಿ, ಅಸಮವಾಗಿ ಬಿದ್ದಿರುತ್ತದೆ. ಅದನ್ನು ದೋಷವೆಂದು ತಿದ್ದಿದರೆ ಕಾರ್ಖಾನೆಯ ಗುರುತನ್ನೇ ತಿದ್ದಿದಂತೆ. ಇಂದಿನ ಎರಡು ಡಬ್ಬಿಯ ಪಾಲಿಯುರೆಥೇನ್ ಬಣ್ಣದಲ್ಲಿ ಕ್ಲಿಯರ್ ಕೋಟಿಲ್ಲದೆ, ಒಂದೇ ಬಗೆಯಾಗಿ, ಇದಕ್ಕೆ ಹತ್ತಿರದ ರೂಪ ಪಡೆಯಬಹುದು. ಬೇಯಿಸಿದ ಎನಾಮಲ್ ಅದಾಗದು, ಆದರೂ ಕಣ್ಣಿಗೆ ಒಪ್ಪುವುದು. ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟು ಶ್ವಾಸಕೋಶಕ್ಕೆ ವಿಷ. ಮೂಗಿಗೆ ಕರವಸ್ತ್ರ ಕಟ್ಟಿ ಹೊಡೆಯುವ ಕೆಲಸ ಖಂಡಿತ ಅಲ್ಲ, ಹೊರಗಿನ ಶುದ್ಧ ಗಾಳಿ ಒದಗಿಸುವ ಮುಖವಾಡವೇ ಬೇಕು.

ಎರಡು ವಾರಗಳ ಬಳಿಕ ಮತ್ತೆ ಹೋದೆವು. ಕಪ್ಪು ಕಾಗದ ಬಿಚ್ಚಿದಾಗ ಮುಚ್ಚಳದ ಮೇಲೆ ನೇರವಾದ ಗೆರೆಯೊಂದು ಮೂಡಿತ್ತು. ಮುಚ್ಚಿದ ಅರ್ಧ ಕೆನೆಹಳದಿ. ಬಿಸಿಲುಂಡ ಅರ್ಧ ಅದಕ್ಕಿಂತ ಬಹಳ ತಿಳಿ. ಅಪ್ಪಟ ಹಾಲೆನ್ನಲಾಗದು; ಕಾಯಿಸಿದ ಹಾಲೆನ್ನಬಹುದು. ತಾಯಿಯವರು ಕನ್ನಡಕ ಹಾಕಿಕೊಂಡು ಜಗಲಿಯ ಬೆಳಕಿಗೆ ಬಂದು ನೋಡಿದರು. “ಇದೇ” ಎಂದರು. ಹಿರಿಯ ಮಗ ಈ ಸಲ ನಗಲಿಲ್ಲ.

ಆ ಮುಚ್ಚಳವನ್ನೇ ಬೆಂಗಳೂರಿನ ಬಣ್ಣದಂಗಡಿಗೆ ಒಯ್ದು, ಬಿಸಿಲು ಕಂಡ ಭಾಗವನ್ನು ಪಾಲಿಷ್ ಮಾಡಿ, ಯಂತ್ರದಿಂದ ಓದಿಸಿದರು. ಯಂತ್ರ ಹೇಳಿದ ಮಿಶ್ರಣವನ್ನು ತಗಡಿನ ತುಂಡಿಗೆ ಹೊಡೆಸಿ ಹಗಲಿನಲ್ಲಿ ಹೋಲಿಸಬೇಕೆಂದು ನಾವು ಹಟ ಹಿಡಿದೆವು; ಟ್ಯೂಬ್‌ಲೈಟಿನಡಿ ಒಂದಾಗಿ ಕಂಡ ಎರಡು ಬಣ್ಣಗಳು ಬಿಸಿಲಿಗೆ ಬಂದೊಡನೆ ಬೇರೆಯಾಗುವುದುಂಟು. ಮೂರನೆಯ ತುಂಡು ಸರಿಹೋಯಿತು.

ಎಲ್ಲವನ್ನೂ ಹೊಸದು ಮಾಡಿಬಿಡುವ ಆತುರ ಪೇಂಟರಿಗಿತ್ತು. ಅದನ್ನು ಮಾತ್ರ ನಾವು ಬಿಡಲಿಲ್ಲ. ಹಿಂದೂಪುರದ ಮಗ್ಗುಲಲ್ಲೇ ಲೇಪಾಕ್ಷಿಯಿದೆ. ಹದಿನಾರನೆಯ ಶತಮಾನದ ಆ ಚಾವಣಿಯ ಚಿತ್ರಗಳು ಅಲ್ಲಲ್ಲಿ ಉದುರಿವೆ, ಮಾಸಿವೆ. ಅವುಗಳ ಮೇಲೆ ಹೊಸ ಬಣ್ಣ ಬಳಿದರೆ ನಾವು ಯಾರಾದರೂ ಸಹಿಸುತ್ತೇವೆಯೆ? ಅಂಬಾಸಿಡರಿಗೂ ಲೇಪಾಕ್ಷಿಗೂ ಏನು ಹೋಲಿಕೆಯೆಂದು ವಾಚಕರು ನಗಬಹುದು, ನಗಲಿ. ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಬಂದ ಕೇಂದ್ರ ನಿಯಮವೂ ಚಾಸಿ, ಕವಚ, ಎಂಜಿನು ಹೆಚ್ಚು ಮಾರ್ಪಡದೆ ಮೂಲರೂಪದಲ್ಲಿ ಇರಬೇಕೆನ್ನುತ್ತದೆ.

ಕಡೆಗೆ ಹೊರಮೈಗೆ ಮಾತ್ರ ಬಣ್ಣವಾಯಿತು. ಡ್ಯಾಶ್‌ಬೋರ್ಡಿನ ಬೆನ್ನನ್ನೂ ಬೀಡಿಂಗಿನಡಿಯ ಪಟ್ಟಿಯನ್ನೂ ಹಾಗೆಯೇ ಉಳಿಸಿದರು. ಡಿಕ್ಕಿಯ ಮೂಲೆಯ ಉಂಗುರಗಳ ಮೇಲೂ ಬಣ್ಣ ಬೀಳದಂತೆ ಕಿರಿಯ ಮಗ ಕಾದು ನಿಂತಿದ್ದನಂತೆ. ಆರ್‌ಸಿಯಲ್ಲಿನ ನೀಲಿಯನ್ನು ಬದಲಿಸಲು ಅರ್ಜಿ ಹೋಗಿದೆ. ಬಣ್ಣದ ಮಿಶ್ರಣದ ಚೀಟಿಯನ್ನು ತಾಯಿಯವರು ತಮ್ಮ ಮದುವೆಯ ಲಗ್ನಪತ್ರಿಕೆಯಿದ್ದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ.