ದೇವನಹಳ್ಳಿಯಿಂದ ಮೆಣಸಗಿಗೆ ಎಷ್ಟು ದೂರ?

ಬೆಂಗಳೂರಿಗೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ನಡುವಣ ವ್ಯೋಮಮಾರ್ಗದ ಅಂತರ ಸುಮಾರು 14,000 ಕಿಲೋಮೀಟರು. ಗೋಡೆಯ ಭೂಪಟವನ್ನು ನೋಡಿ ಈ ದಾರಿಯನ್ನು ಊಹಿಸುವವನು ಅರಬ್ಬೀ ಸಮುದ್ರವನ್ನೂ ಆಫ್ರಿಕವನ್ನೂ ಅಟ್ಲಾಂಟಿಕ್ ಮಹಾಸಾಗರವನ್ನೂ ದಾಟಬೇಕೆಂದೇ ಬಗೆದಾನು. ಆದರೆ ಶಾಲೆಯ ಭೂಗೋಳದ ಮೇಲೆ ಎರಡೂ ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ, ಅದು ಉತ್ತರಾಭಿಮುಖವಾಗಿ ಹಿಮಾಲಯವನ್ನೇರಿ, ಚೀನವನ್ನು ಹಾದು, ಸೈಬೀರಿಯದ ಹಿಮತೀರವನ್ನು ಸೋಂಕಿ, ಅಲಾಸ್ಕದ ಮೇಲಿನಿಂದ ಇಳಿಯುವುದು ಕಾಣುತ್ತದೆ. ವಿಮಾನಗಳೇನೋ ಈ ದಾರದ ಜಾಡನ್ನೇ ಹಿಡಿಯುವುದಿಲ್ಲ. ಪಶ್ಚಿಮದಿಂದ ಪೂರ್ವಕ್ಕೆ ಪ್ರವಹಿಸುವ ಮೇಲ್ಗಾಳಿ, ಅನ್ಯದೇಶಗಳ ಅನುಮತಿ, ಟಿಬೆಟ್ಟಿನ ಉನ್ನತ ಪ್ರಸ್ಥಭೂಮಿ, ಇವೆಲ್ಲವೂ ದಾರಿಯನ್ನು ಬಾಗಿಸುತ್ತವೆ.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋವನ್ನು ಬಿಟ್ಟ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವು, ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳಿಂದಲೇ ನಡೆಸಲ್ಪಟ್ಟು, ಉತ್ತರ ಧ್ರುವದ ಮೇಲೆ ಹಾದು, 11ರ ಬೆಳಗಿನ ಜಾವ ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಲ್ಲಿಳಿಯಿತು. ಪಂಚಾಂಗದ ಲೆಕ್ಕಕ್ಕೆ ದಿನಗಳು ಮಗುಚಿದರೂ, ಗಗನದಲ್ಲಿ ಕಳೆದದ್ದು ಸುಮಾರು 17 ಗಂಟೆ ಮಾತ್ರ. ಉಳಿದುದು ಎರಡು ದೇಶಗಳ ಗಡಿಯಾರಗಳ ನಡುವಿನ ಹದಿಮೂರೂವರೆ ತಾಸಿನ ವ್ಯತ್ಯಾಸ.

ಈ ಸಾಧನೆಗೆ ಹೆಮ್ಮೆಪಡುವುದು ಸಹಜ, ಯೋಗ್ಯವೂ ಹೌದು. ಆದರೆ ಪ್ರಯಾಣವನ್ನು ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಅಳೆದು ಮುಗಿಸುವ ನಮ್ಮ ರೂಢಿಯನ್ನು ನಾನು ಒಪ್ಪಲಾರೆ. ರೋಣ ತಾಲ್ಲೂಕಿನ ಮೆಣಸಗಿಯವನೊಬ್ಬ ಕ್ಯಾಲಿಫೋರ್ನಿಯದಲ್ಲಿ ಉದ್ಯೋಗದಲ್ಲಿದ್ದಾನೆಂದು ಭಾವಿಸೋಣ. ಭೂಮಂಡಲದ ಮೂರನೆಯ ಒಂದು ಭಾಗವನ್ನು ಸುತ್ತಿಬಂದು ಇಳಿದವನು ಇನ್ನು ಯಶವಂತಪುರವನ್ನೋ ಮೆಜೆಸ್ಟಿಕ್ಕನ್ನೋ ಸೇರಬೇಕು. ರೈಲಿನಲ್ಲಿ ಹುಬ್ಬಳ್ಳಿ, ಗದಗಗಳನ್ನು ದಾಟಿ 500 ಕಿಲೋಮೀಟರಿಗೂ ಮಿಕ್ಕ ದಾರಿ ಸವೆಸಿ ಹೊಳೆಆಲೂರಿನಲ್ಲಿಳಿಯಬೇಕು. ಅಲ್ಲಿಂದ ಮಲಪ್ರಭೆಯ ದಡದ ತನ್ನೂರಿಗೆ ಬಸ್ಸೋ ಟಂಟಮ್ಮೋ ಸಿಗಬೇಕು. ಮದುವೆಗೋ ಜಾತ್ರೆಗೋ ಬರುವವನು ಇದನ್ನೆಲ್ಲ ಸಹಿಸಿಯಾನು. ತಂದೆಯ ಮಣ್ಣಿಗೆ ಬರುವವನ ಗತಿಯೇನು? ‘ಮಗ ಬೆಂಗಳೂರಿಗೆ ಬಂದಾನಂತ, ಇನ್ನೂ ಎಷ್ಟ್ ಹೊತ್ತು ತಡೀಬೇಕು?’ ಎಂದು ಹಿರಿಯರು ಕೇಳುವಾಗ, ಸ್ವದೇಶದೊಳಗಿನ ಈ ಕಡೆಯ ಹರದಾರಿಗಳೇ ಮಹಾಸಾಗರಕ್ಕಿಂತ ವಿಸ್ತಾರವಾಗುತ್ತವೆ.

ಅದೇ 2021ರ ಜನವರಿ 4ರಂದು ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ವಿಮಾನ ನಿಲ್ದಾಣಕ್ಕೆಂದೇ ಒಂದು ರೈಲು ಹಾಲ್ಟ್ ಕಾರ್ಯಾರಂಭ ಮಾಡಿತು. ಹುಬ್ಬಳ್ಳಿಯ ರೈಲುಗಳು ತುಮಕೂರಿನ ಕಡೆಯಿಂದ ಓಡಾಡುವುದರಿಂದ, ಅದರಿಂದ ನಮ್ಮ ಸೀಮೆಗಾದ ಉಪಕಾರ ಅತ್ಯಲ್ಪ. ಮೈಸೂರಿಗಾದರೋ ವಿಮಾನ ನಿಲ್ದಾಣದ ಬಾಗಿಲಿನಿಂದಲೇ 2013ರಲ್ಲಿ ಫ್ಲೈ ಬಸ್ ಹೊರಟಿತು. ಬೆಳಗಿನ ಜಾವ ಇಳಿಯುವ ವಿಮಾನಗಳಿಗೆ ಹೊಂದಿಕೊಂಡು ಅಂಥದೊಂದು ಬಸ್ಸು ದಾವಣಗೆರೆ, ಹುಬ್ಬಳ್ಳಿಗಳ ಮೇಲಿಂದ ಗದಗಕ್ಕೆ ನಿತ್ಯವೂ ಬರಬೇಕು. ಅದು ತಲುಪುವ ವೇಳೆಗೆ ಸರಿಯಾಗಿ ರೋಣಕ್ಕೂ ಹೊಳೆಆಲೂರಿಗೂ ಗಾಡಿ ಸಿದ್ಧವಿರಬೇಕು. ಸಾರಿಗೆ ಇಲಾಖೆಯೂ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯೂ ಕೂಡಿ ಕುಳಿತು ವೇಳಾಪಟ್ಟಿಯನ್ನು ಹೊಂದಿಸಿದರೆ, ಹೊಸ ರಸ್ತೆಯನ್ನು ಕಡಿಯದೆಯೇ ಇಷ್ಟು ಸಾಧ್ಯ.